ಸುತ್ತೋಲೆ ಸಾಲಿ ಮುಟ್ಟುವ ದಾರಿ

ಮನೋಳಿ ಸುತ್ತಿನ ಬಿಇಒ, ಸಿಆರ್‌ಪಿ ಮತ್ತು ಮುಖ್ಯ ಶಿಕ್ಷಕರಿಗೆ: ಶಿಕ್ಷಣದ ಸುದ್ದಿಯನ್ನು ಶಿಕ್ಷಕರಿಗೆ ತಲುಪಿಸುವ ಕೈಪಿಡಿ

2024ರ ಮಾರ್ಚ್ ತಿಂಗಳನ್ನು 5, 8 ಮತ್ತು 9ನೇ ತರಗತಿಗೆ ಕಲಿಸುತ್ತಿದ್ದ ಶಿಕ್ಷಕರು ಮರೆತಿರಲಾರರು. ಆ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸುವ ಸರ್ಕಾರದ ತೀರ್ಮಾನವನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. ಮಾರ್ಚ್ 11ಕ್ಕೆ ಪರೀಕ್ಷೆ ಸುರುವಾಯಿತು, ಸುಪ್ರೀಂ ಕೋರ್ಟಿನ ಆದೇಶ ಬಂದು ಅರ್ಧಕ್ಕೆ ನಿಂತಿತು. ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟ ಮೇಲೆ 25ರಿಂದ ಉಳಿದ ವಿಷಯಗಳು ನಡೆದವು. ಏಪ್ರಿಲಿನಲ್ಲಿ ಫಲಿತಾಂಶಕ್ಕೂ ತಡೆ ಬಿತ್ತು.

ಅಂಥ ದಿನಗಳಲ್ಲಿ ಪಾಲಕರು ಕೇಳುವುದು ಒಂದೇ ಮಾತು: “ಸರ್, ನಾಳೆ ಪರೀಕ್ಷೆ ಐತೋ ಇಲ್ಲೋ?” ಉತ್ತರ ಹೇಳಬೇಕಾದವರು ಸಾಲಿಯ ಬಾಗಿಲಲ್ಲಿ ನಿಂತ ಶಿಕ್ಷಕರು. ಅವರ ಕೈಯಲ್ಲಿ ಟಿವಿಯ ಅಡ್ಡಪಟ್ಟಿಯ ಸುದ್ದಿ, ಯಾರೋ ಮುಂದೂಡಿದ ಸಂದೇಶ, ನಿನ್ನೆಯ ಸುತ್ತೋಲೆ, ಇವತ್ತಿನ ಸುತ್ತೋಲೆ ಎಲ್ಲ ಇರುತ್ತವೆ. ಇದರಲ್ಲಿ ಈಗ ಜಾರಿಯಲ್ಲಿರುವುದು ಯಾವುದು ಎಂದು ಒಂದು ಸಾಲಿನಲ್ಲಿ ಹೇಳುವವರು ಬೇಕು. ಆ ಒಂದು ಸಾಲು ಹೇಳುವುದೇ ಶಿಕ್ಷಣ ಮುಖಂಡರ ದೊಡ್ಡ ಕೆಲಸಗಳಲ್ಲೊಂದು. ಕಾಗದ ರವಾನಿಸಿದರೆ ಸುದ್ದಿ ಮುಟ್ಟಿಸಿದಂತಾಗುವುದಿಲ್ಲ. ಓದಿದ ಶಿಕ್ಷಕರಿಗೆ “ನಾನೀಗ ಏನು ಮಾಡಬೇಕು, ಯಾವ ದಿನದೊಳಗೆ” ಎಂಬುದು ತಿಳಿದಾಗ ಮಾತ್ರ ಸುದ್ದಿ ಮುಟ್ಟಿದಂತೆ.

ಮನೋಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಗಳು, ಶಿಕ್ಷಣ ಸಂಯೋಜಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ದೊಡ್ಡ ಸಾಲಿಗಳ ಮುಖ್ಯ ಶಿಕ್ಷಕರು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಬಗೆಯನ್ನು ಈ ಲೇಖನ ಹೇಳುತ್ತದೆ.

ಈ ಸೀಮೆಗೆ ಇದು ಹೊಸತಲ್ಲ

ಶಿಕ್ಷಕರಿಗೆಂದೇ ಸುದ್ದಿ ಬರೆದು ಹಂಚುವ ಪದ್ಧತಿ ಬೆಳಗಾವಿ–ಧಾರವಾಡ ಸೀಮೆಯಲ್ಲಿ ಒಂದೂವರೆ ಶತಮಾನದಷ್ಟು ಹಳೆಯದು. ಮುಂಬಯಿ ಸರ್ಕಾರದ ಆಡಳಿತದಲ್ಲಿದ್ದ ಇಲ್ಲಿನ ಸಾಲಿಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳನ್ನು ಕಟ್ಟಲು ಊರೂರು ತಿರುಗಿದರು. ಶೇಕ್ಸ್‌ಪಿಯರ್‌ನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಅವರೇ. ಕನ್ನಡ ಸಾಲಿಯ ಮಾಸ್ತರರಿಗಾಗಿ ‘ಮಠಪತ್ರಿಕೆ’ ಎಂಬ ಮಾಸಪತ್ರಿಕೆ ಹೊರಟದ್ದು ಅದೇ ಕಾಲದಲ್ಲಿ, 1860ರ ದಶಕದಲ್ಲಿ. ಧಾರವಾಡದಿಂದ ಪ್ರಾಥಮಿಕ ಶಿಕ್ಷಕರಿಗಾಗಿ ಬಂದ ‘ಜೀವನ ಶಿಕ್ಷಣ’ ಮಾಸಪತ್ರಿಕೆಯೂ ಈ ಪರಂಪರೆಗೇ ಸೇರಿದ್ದು.

ಹಳ್ಳಿಯ ಸಾಲಿಯಲ್ಲಿ ಒಬ್ಬರೇ ಮಾಸ್ತರರು ಇರುತ್ತಿದ್ದರು. ಬೇರೆ ಮಾಸ್ತರರ ಮುಖ ಕಾಣುವುದೇ ಅಪರೂಪ. ಅಂಥವರಿಗೆ ಪತ್ರಿಕೆಯೇ ವೃತ್ತಿಯ ಸಂಗಾತಿ. ಆಗ ಸುದ್ದಿ ಕಡಿಮೆ, ತಲುಪುವ ದಾರಿ ದೂರ. ಈಗ ಸುದ್ದಿ ವಿಪರೀತ, ತಲುಪಲು ಕ್ಷಣ ಸಾಕು. ಆದರೆ ಆರಿಸಿ, ಅರ್ಥ ಮಾಡಿ, ಶಿಕ್ಷಕರ ಮಾತಿನಲ್ಲಿ ಹೇಳುವವರ ಅಗತ್ಯ ಅಂದಿನಷ್ಟೇ ಇಂದೂ ಇದೆ.

ಸುದ್ದಿ ಇಳಿದು ಬರುವ ಮೆಟ್ಟಿಲುಗಳು

ಬೆಳಗಾವಿ ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಸವದತ್ತಿ, ಬೈಲಹೊಂಗಲ, ಕಿತ್ತೂರು ಮತ್ತು ರಾಮದುರ್ಗ ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಖಾನಾಪುರ, ಬೆಳಗಾವಿ ನಗರ, ಬೆಳಗಾವಿ ಗ್ರಾಮೀಣ ವಲಯಗಳೂ ಇದರಲ್ಲೇ ಇವೆ. ಗೋಕಾಕ, ಹುಕ್ಕೇರಿ, ಅಥಣಿ ಕಡೆಯ ಶಿಕ್ಷಕ ಗೆಳೆಯರೊಬ್ಬರು ಕಳಿಸಿದ ಉಪನಿರ್ದೇಶಕರ ಜ್ಞಾಪನ ಚಿಕ್ಕೋಡಿಯದಾಗಿರುತ್ತದೆ. ಅದು ಮನೋಳಿಯ ಸಾಲಿಗೆ ಅನ್ವಯಿಸುವುದಿಲ್ಲ. ತರಬೇತಿಯ ದಿನಾಂಕ, ಸಭೆಯ ಸ್ಥಳ, ರಜೆಯ ವಿಷಯಗಳಲ್ಲಿ ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಒಂದು ಆದೇಶ ಬೆಂಗಳೂರಿನಲ್ಲಿ ಹೊರಟು ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರು, ಧಾರವಾಡದ ಅಪರ ಆಯುಕ್ತರು, ಬೆಳಗಾವಿಯ ಉಪನಿರ್ದೇಶಕರು, ತಾಲೂಕಿನ ಬಿಇಒ ಎಂಬ ಮೆಟ್ಟಿಲುಗಳನ್ನು ಇಳಿಯುತ್ತದೆ. ಅಲ್ಲಿಂದ ಸಿಆರ್‌ಪಿ, ಮುಖ್ಯ ಶಿಕ್ಷಕರ ಮೂಲಕ ತರಗತಿಗೆ ಬರುತ್ತದೆ. ಪಠ್ಯ ಮತ್ತು ತರಬೇತಿಯ ವಿಷಯ ಡಿಎಸ್‌ಇಆರ್‌ಟಿಯಿಂದ ಡಯಟ್ ಮೂಲಕ ಬರುತ್ತದೆ. ಎಸ್‌ಎಸ್‌ಎಲ್‌ಸಿ ವಿಷಯ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ಬರುತ್ತದೆ. ಬಿಸಿಯೂಟಕ್ಕೆ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರದೇ ಬೇರೆ ದಾರಿ. ಹೀಗೆ ಹಲವು ದಾರಿಗಳು ಕಟ್ಟಕಡೆಗೆ ಒಬ್ಬರೇ ಮುಖ್ಯ ಶಿಕ್ಷಕರ ಮೊಬೈಲಿನಲ್ಲಿ ಸೇರುತ್ತವೆ. ಎಷ್ಟೋ ಸಲ ಆ ಮುಖ್ಯ ಶಿಕ್ಷಕರಿಗೆ ಎರಡು ತರಗತಿಯ ಪಾಠವೂ ಇರುತ್ತದೆ.

ಈ ಭಾರ ಹಗುರ ಮಾಡಲೆಂದೇ ನಡುವೆ ಕ್ಲಸ್ಟರ್ ಇದೆ. 1990ರ ದಶಕದ ನಡುವೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಕರ್ನಾಟಕಕ್ಕೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಕೋಲಾರ, ಮಂಡ್ಯ, ರಾಯಚೂರು ಉಳಿದವು. ಶಿಕ್ಷಕರ ಬೆನ್ನಿಗೆ ನಿಲ್ಲುವ ಸಂಪನ್ಮೂಲ ಕೇಂದ್ರದ ಕಲ್ಪನೆ ಬೇರೂರಿದ್ದು ಆ ಕಾಲದಲ್ಲಿ. ಸಿಆರ್‌ಪಿ ಎಂದರೆ ಶಿಕ್ಷಕರಿಗೆ ಸಂಪನ್ಮೂಲ ವ್ಯಕ್ತಿ. ಮಾಹಿತಿ ಕೇಳುವುದಕ್ಕಿಂತ ಹೆಚ್ಚು ಮಾಹಿತಿ ಕೊಡುವುದು ಆ ಹುದ್ದೆಯ ಮೂಲ ಉದ್ದೇಶ.

ಸುತ್ತೋಲೆ ಓದುವ ಕ್ರಮ

ಹಂಚುವ ಮೊದಲು ಹಂಚುವವರು ಪೂರ್ತಿ ಓದಬೇಕು. ಇಲಾಖೆಯ ಕಾಗದಕ್ಕೆ ಒಂದು ಕಟ್ಟು ಇದೆ. ಅದನ್ನು ತಿಳಿದರೆ ಐದು ಪುಟದ ಜ್ಞಾಪನವೂ ಬೇಗ ಬಿಡಿಸಿಕೊಳ್ಳುತ್ತದೆ.

ಮೊದಲು ಕಡತ ಸಂಖ್ಯೆ ಮತ್ತು ದಿನಾಂಕ ನೋಡಿ. ವರ್ಷ ಸರಿಯಾಗಿ ನೋಡಿ. ಹಿಂದಿನ ವರ್ಷದ ಸುತ್ತೋಲೆ ಈ ವರ್ಷ ಮತ್ತೆ ತಿರುಗುವುದು ತೀರ ಸಾಮಾನ್ಯ. ಆಮೇಲೆ ‘ವಿಷಯ’. ನಂತರ ‘ಉಲ್ಲೇಖ’: ಈ ಕಾಗದ ಯಾವ ಹಳೆಯ ಆದೇಶದ ಮೇಲೆ ನಿಂತಿದೆ ಎಂಬುದು ಇಲ್ಲಿರುತ್ತದೆ. ಹಳೆಯದನ್ನು ತಿದ್ದಿದ್ದರೆ, ಹಿಂಪಡೆದಿದ್ದರೆ ಸುಳಿವು ಸಿಗುವುದೂ ಇಲ್ಲೇ. ಕಡೆಯ ಪರಿಚ್ಛೇದವನ್ನು ತಪ್ಪದೆ ಓದಿ. ಯಾರು, ಏನು, ಎಷ್ಟರೊಳಗೆ ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಕೆಳಗಿನ ‘ಪ್ರತಿ’ ಪಟ್ಟಿ ನೋಡಿದರೆ ಅದು ಯಾರಿಗೆ ಕ್ರಮಕ್ಕಾಗಿ, ಯಾರಿಗೆ ಬರೀ ಮಾಹಿತಿಗಾಗಿ ಬಂದದ್ದು ಎಂದು ತಿಳಿಯುತ್ತದೆ. ಅನುಬಂಧದ ನಮೂನೆ ತೆರೆದು, ಅದರಲ್ಲಿ ಕೇಳಿದ ಮಾಹಿತಿ ಸ್ಯಾಟ್ಸ್‌ನಲ್ಲಾಗಲಿ ಯು–ಡೈಸ್‌ನಲ್ಲಾಗಲಿ ಈಗಾಗಲೇ ಇದೆಯೇ ನೋಡಿ. ಇದ್ದರೆ ಅಲ್ಲಿಂದಲೇ ತೆಗೆದು ತುಂಬಿ. ಶಿಕ್ಷಕರ ಒಂದು ಗಂಟೆ ಉಳಿದರೆ ಮಕ್ಕಳಿಗೆ ಒಂದು ಗಂಟೆ ಸಿಕ್ಕಂತೆ.

ಅಧಿಕೃತವೆಂದು ಎಣಿಸಬಹುದಾದದ್ದು ಸಹಿ, ಸಂಖ್ಯೆ, ದಿನಾಂಕ ಇರುವ ಆದೇಶ ಅಥವಾ ಇಲಾಖೆಯ ಜಾಲತಾಣದಲ್ಲಿ ಪ್ರಕಟವಾದದ್ದು ಮಾತ್ರ. ಸಚಿವರು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಘೋಷಣೆ. ಆದೇಶ ಬರುವವರೆಗೆ ಅದನ್ನು “ಪತ್ರಿಕಾ ವರದಿ, ಆದೇಶ ಬಂದಿಲ್ಲ” ಎಂದೇ ಗುರುತಿಸಿ ಹಂಚಬೇಕು.

1ನೇ ತರಗತಿಗೆ ಸೇರುವ ವಯಸ್ಸಿನ ನಿಯಮವನ್ನೇ ನೋಡಿ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲಿ ಬಂತು. ಅದು 2025–26ರಿಂದ ಜಾರಿ ಎಂದು ಮುಂದೆ ಹೋಯಿತು. 2025ರ ಏಪ್ರಿಲಿನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಸಿಕ್ಕಿತು. ಮೂರರಲ್ಲಿ ಯಾವ ಕಾಗದ ಕೈಯಲ್ಲಿದ್ದರೂ ಅದು ನಿಜವಾದ ಕಾಗದವೇ. ಆದರೆ ದಿನಾಂಕದ ಕ್ರಮ ಗೊತ್ತಿಲ್ಲದವರು ಪಾಲಕರಿಗೆ ತಪ್ಪು ಹೇಳಿಬಿಡುತ್ತಾರೆ. ಇಂಥ ವಿಷಯ ಹಂಚುವಾಗ “ಈ ಹಿಂದಿನದು ಇನ್ನು ಅನ್ವಯಿಸುವುದಿಲ್ಲ” ಎಂಬ ವಾಕ್ಯ ಕಡ್ಡಾಯವಾಗಿ ಇರಲಿ.

ಏನು ಹಂಚಬೇಕು

ಬಂದದ್ದೆಲ್ಲ ಹಂಚಿದರೆ ಯಾರೂ ಓದುವುದಿಲ್ಲ. ನಾಲ್ಕು ಭಾಗ ಮಾಡಿಕೊಳ್ಳಿ.

ಒಂದು, ಮಾಡಲೇಬೇಕಾದ ಕೆಲಸ. ಕಡೆಯ ದಿನ ಇರುವಂಥದ್ದು: ಯು–ಡೈಸ್ ಮಾಹಿತಿ, ಪರೀಕ್ಷಾ ನೋಂದಣಿ, ಪಠ್ಯಪುಸ್ತಕದ ಬೇಡಿಕೆ, ಬಿಸಿಯೂಟದ ಲೆಕ್ಕ. ಪ್ರತಿಯೊಂದಕ್ಕೂ ಒಂದೇ ಸಾಲು. ದಿನಾಂಕ ಮೊದಲು, ಕೆಲಸ ಆಮೇಲೆ.

ಎರಡು, ಮಕ್ಕಳಿಗೆ ಸಿಗುವ ಅವಕಾಶ. ಸುದ್ದಿ ತಡವಾದರೆ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿ. ರಾಷ್ಟ್ರೀಯ ಪ್ರತಿಭಾ ಹಾಗೂ ಆರ್ಥಿಕ ನೆರವಿನ ವಿದ್ಯಾರ್ಥಿವೇತನ, ಅಂದರೆ ಎನ್‌ಎಂಎಂಎಸ್ ಪರೀಕ್ಷೆಯನ್ನು 8ನೇ ತರಗತಿಯ ಮಕ್ಕಳು ಬರೆಯುತ್ತಾರೆ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಸಾಲಿಯಲ್ಲಿ ಓದುತ್ತಿರಬೇಕು, ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಇಲ್ಲಿ ಎರಡು ಕಡೆ ಮಕ್ಕಳು ಜಾರುತ್ತಾರೆ. ಆದಾಯ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಸಿಗದೆ ಅರ್ಜಿಯೇ ಹೋಗುವುದಿಲ್ಲ. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಿಸದಿದ್ದರೆ ಹಣ ನಿಲ್ಲುತ್ತದೆ. 8ನೇ ತರಗತಿಯ ಸಾಲಿ ಬಿಟ್ಟು ಹೈಸ್ಕೂಲಿಗೆ ಹೋದ ಮಗುವಿನ ನವೀಕರಣ ಯಾರ ಹೊಣೆ ಎಂಬುದನ್ನು ವಾರ್ತೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆದಾಯ ಪ್ರಮಾಣಪತ್ರಕ್ಕೆ ಜೂನ್‌ನಲ್ಲೇ ಅರ್ಜಿ ಹಾಕಿಸಿ ಎಂದು ನೆನಪಿಸಿ.

ನವೋದಯ ವಿದ್ಯಾಲಯದ 6ನೇ ತರಗತಿಯ ಪ್ರವೇಶಕ್ಕೆ 5ನೇ ತರಗತಿಯಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಇವೆ, ಅರ್ಜಿಗೆ ಶುಲ್ಕವಿಲ್ಲ. ಮೊರಾರ್ಜಿ ದೇಸಾಯಿ ವಸತಿ ಸಾಲಿಗಳು, ಆದರ್ಶ ವಿದ್ಯಾಲಯಗಳು, ಕಿತ್ತೂರಿನಲ್ಲಿ 1969ರಿಂದ ನಡೆಯುತ್ತಿರುವ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ಸಾಲಿ, ಇವಕ್ಕೂ 6ನೇ ತರಗತಿಗೇ ಪ್ರವೇಶ ಪರೀಕ್ಷೆ. ಹಾಗಾಗಿ 5ನೇ ತರಗತಿಯ ಶಿಕ್ಷಕರಿಗೆ ಈ ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಕೊಡಿ. ಹೊಸ ಯೋಚನೆಯಿರುವ ಮಕ್ಕಳಿಗೆ ಇನ್‌ಸ್ಪೈರ್ ಅವಾರ್ಡ್ ಮಾನಕ್ ಇದೆ. ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಓದಿಗೆ ದುಡ್ಡು ಅಡ್ಡ ಬರಬಾರದೆಂದು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಮುಡಿಪಿಟ್ಟ ಶಿರಸಂಗಿ ಲಿಂಗರಾಜ ದೇಸಾಯರ ಊರು ಇದೇ ಸವದತ್ತಿ ತಾಲೂಕಿನಲ್ಲಿದೆ. ಅಂಥ ನೆಲದಲ್ಲಿ ಸುದ್ದಿ ಸಿಗದ ಕಾರಣಕ್ಕೆ ಒಂದು ಮಗುವಿನ ಓದು ನಿಲ್ಲಬಾರದು.

ಮೂರು, ಶಿಕ್ಷಕರ ಬದುಕಿಗೆ ತಟ್ಟುವ ವಿಷಯ. ವರ್ಗಾವಣೆಯ ವೇಳಾಪಟ್ಟಿ, ಬಡ್ತಿ, ಗಳಿಕೆ ರಜೆ, ತರಬೇತಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಸೇವೆಯಲ್ಲಿರುವ ಶಿಕ್ಷಕರಿಗೂ ಟಿಇಟಿ ಅಗತ್ಯ ಎಂದು ಹೇಳಿದಾಗ ಹಿರಿಯ ಶಿಕ್ಷಕರಲ್ಲಿ ಎಷ್ಟು ಕಳವಳ ಹುಟ್ಟಿತೆಂದು ಎಲ್ಲರಿಗೂ ಗೊತ್ತು. ಇಂಥ ಸುದ್ದಿಯಲ್ಲಿ ಮುಖಂಡರು ಮೌನವಾಗಿದ್ದರೆ ಗಾಳಿಸುದ್ದಿ ಆ ಜಾಗ ತುಂಬುತ್ತದೆ. ತೀರ್ಪಿನಲ್ಲಿ ಇರುವುದನ್ನು ಇದ್ದಂತೆ ಹೇಳಬೇಕು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರಿಗೆ ಎರಡು ವರ್ಷದ ಗಡುವು, ಅದಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆ ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಬಡ್ತಿಗೆ ಬೇಕು. ರಾಜ್ಯದ ಆದೇಶ ಬಂದಾಗ ಬಂದಷ್ಟನ್ನು ತಿಳಿಸುತ್ತೇವೆ ಎಂಬ ಮಾತೂ ಜೊತೆಗೆ ಇರಲಿ.

ನಾಲ್ಕು, ಕಲಿಕೆಯ ಸುದ್ದಿ. ಪಕ್ಕದ ಸಾಲಿಯ ಗುರುಮಾತೆಯೊಬ್ಬರು ಭಿನ್ನರಾಶಿ ಕಲಿಸಲು ಕಂಡುಕೊಂಡ ದಾರಿ, ಗ್ರಂಥಾಲಯದ ಪುಸ್ತಕ ಮನೆಗೆ ಕೊಟ್ಟು ವಾಪಸು ಪಡೆಯುವ ಕ್ರಮ, ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಓದಿಸಿದ ರೀತಿ, ಸಂಭ್ರಮ ಶನಿವಾರದ ಒಳ್ಳೆಯ ಚಟುವಟಿಕೆ. ಮೇಲಿನ ಮೂರೂ ಮೇಲಿಂದ ಇಳಿದು ಬರುವಂಥವು. ಇದು ಮಾತ್ರ ನಮ್ಮ ಕ್ಲಸ್ಟರಿನಲ್ಲೇ ಬೆಳೆಯುವಂಥದ್ದು. ಪ್ರತಿ ಸಂಚಿಕೆಯಲ್ಲಿ ಇದಕ್ಕೆ ಜಾಗ ತಪ್ಪಬಾರದು.

ಒಂದು ಪುಟದ ಕ್ಲಸ್ಟರ್ ವಾರ್ತೆ

ಹದಿನೈದು ದಿನಕ್ಕೊಮ್ಮೆ ಒಂದು ಪುಟ ಸಾಕು. ಶನಿವಾರ ಮುಂಜಾನೆ ಸಾಲಿ; ಮಧ್ಯಾಹ್ನದ ಹೊತ್ತಿಗೆ ವಾರ್ತೆ ಕೈಗೆ ಸಿಕ್ಕರೆ ಸೋಮವಾರದ ಪ್ರಾರ್ಥನೆಗೆ ಮುಂಚೆ ಎಲ್ಲರೂ ಓದಿರುತ್ತಾರೆ. ದಿನ ಬದಲಿಸಬೇಡಿ. ನಿಗದಿತ ದಿನಕ್ಕೆ ಬರುತ್ತದೆಂಬ ನಂಬಿಕೆಯೇ ಓದುಗರನ್ನು ತರುತ್ತದೆ. ನಮೂನೆ ಹೀಗಿರಲಿ:

ಕ್ಲಸ್ಟರ್ ವಾರ್ತೆ, ಸಂಚಿಕೆ ಸಂಖ್ಯೆ, ದಿನಾಂಕ

ಈ ಪಕ್ಷದ ಮುಖ್ಯ ವಿಷಯ: ಎರಡೇ ವಾಕ್ಯ.

ಮಾಡಬೇಕಾದ್ದು: ದಿನಾಂಕ – ಕೆಲಸ – ಯಾರು – ಎಲ್ಲಿ. ಐದಕ್ಕಿಂತ ಹೆಚ್ಚು ಬೇಡ.

ಮಕ್ಕಳಿಗೆ ಅವಕಾಶ: ಯಾವ ತರಗತಿ – ಏನು – ಬೇಕಾದ ದಾಖಲೆ – ಕಡೆಯ ದಿನ.

ಬದಲಾದದ್ದು: ಮೊದಲು ಏನಿತ್ತು – ಈಗ ಏನು – ಆದೇಶದ ಸಂಖ್ಯೆ ಮತ್ತು ದಿನಾಂಕ.

ನಮ್ಮ ಸಾಲಿಯಿಂದ: ಒಂದು ಒಳ್ಳೆಯ ಪ್ರಯೋಗ, ಮಾಡಿದವರ ಒಪ್ಪಿಗೆಯೊಂದಿಗೆ ಅವರ ಹೆಸರು.

ಕೇಳಿದ ಪ್ರಶ್ನೆ, ಸಿಕ್ಕ ಉತ್ತರ: ಶಿಕ್ಷಕರು ಕಳಿಸಿದ ಒಂದು ಅಥವಾ ಎರಡು ಪ್ರಶ್ನೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಸುತ್ತೋಲೆಯ ಕನ್ನಡವನ್ನು ಹಾಗೇ ಎತ್ತಿಡಬೇಡಿ. “ಕಾಲಮಿತಿಯೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸಂಬಂಧಿಸಿದವರನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು” ಎಂಬುದನ್ನು “ಶುಕ್ರವಾರ ಸಂಜೆ 4ರೊಳಗೆ ಕ್ಲಸ್ಟರ್ ಕೇಂದ್ರಕ್ಕೆ ಕೊಡಿ. ಅಡಚಣೆ ಇದ್ದರೆ ಬುಧವಾರದೊಳಗೆ ಫೋನ್ ಮಾಡಿ” ಎಂದು ಬರೆದರೆ ಕೆಲಸವೂ ಆಗುತ್ತದೆ, ಶಿಕ್ಷಕರ ಮನಸ್ಸೂ ಮುದುಡುವುದಿಲ್ಲ. “ಶೀಘ್ರವಾಗಿ”, “ಕೂಡಲೇ” ಎನ್ನುವ ಕಡೆ ದಿನ ಮತ್ತು ಗಂಟೆ ಬರೆಯಿರಿ. ವಾರ್ತೆಯ ಜೊತೆ ಮೂಲ ಆದೇಶದ ಪ್ರತಿ ಕಡ್ಡಾಯ. ನಿಮ್ಮ ಸಾರಾಂಶ ಅದರ ಬದಲಿಗೆ ನಿಲ್ಲಲಾರದು.

ಒಂದು ಪ್ರತಿಯನ್ನು ಮುದ್ರಿಸಿ ಶಿಕ್ಷಕರ ಕೋಣೆಯ ಗೋಡೆಗೆ ಹಚ್ಚಿ, ಮತ್ತೊಂದನ್ನು ಕಡತದಲ್ಲಿಡಿ. ವರ್ಗವಾಗಿ ಬಂದ ಹೊಸ ಶಿಕ್ಷಕರಿಗೆ, ಜೂನ್‌ನಲ್ಲಿ ಸೇರುವ ಅತಿಥಿ ಶಿಕ್ಷಕರಿಗೆ ಆ ಕಡತವೇ ಮೊದಲ ಪಾಠ. ಅತಿಥಿ ಶಿಕ್ಷಕರು ಎಷ್ಟೋ ಸಲ ಯಾವ ಗುಂಪಿನಲ್ಲೂ ಇರುವುದಿಲ್ಲ, ಆದರೆ ತರಗತಿ ಪೂರ್ತಿ ಅವರ ಮೇಲಿರುತ್ತದೆ. ಅವರಿಗೆ ವಾರ್ತೆ ತಪ್ಪದೆ ಮುಟ್ಟಬೇಕು.

ವಾಟ್ಸಾಪ್ ಗುಂಪಿಗೆ ಶಿಸ್ತು

ಎರಡು ಗುಂಪು ಮಾಡಿ. ಮೊದಲನೆಯದರಲ್ಲಿ ನಿರ್ವಾಹಕರು ಮಾತ್ರ ಬರೆಯುವಂತಿರಲಿ. ಅಲ್ಲಿ ಆದೇಶ ಮತ್ತು ವಾರ್ತೆ ಬಿಟ್ಟು ಬೇರೇನೂ ಬರಬಾರದು. ಪ್ರಶ್ನೆ, ಶುಭಾಶಯ, ಚರ್ಚೆಗೆ ಎರಡನೆಯದು. ಹಬ್ಬದ ಹಾರೈಕೆಗಳ ನಡುವೆ ಪರೀಕ್ಷಾ ನೋಂದಣಿಯ ಕಡೆಯ ದಿನ ಕಳೆದುಹೋಗಬಾರದು.

ಪ್ರತಿ ಸಂದೇಶದ ಮೊದಲ ಪದ ಅದರ ತೂಕ ಹೇಳಲಿ: ‘ತುರ್ತು’, ‘ಕ್ರಮಕ್ಕೆ’, ‘ಮಾಹಿತಿಗೆ’. ಪಿಡಿಎಫ್ ಕಡತದ ಹೆಸರಿನಲ್ಲಿ ದಿನಾಂಕ ಮತ್ತು ವಿಷಯ ಇರಲಿ, ಆರು ತಿಂಗಳ ಮೇಲೆ ಹುಡುಕಿದರೂ ಸಿಗುತ್ತದೆ. ಪಾಠದ ಹೊತ್ತಿನಲ್ಲಿ ‘ತುರ್ತು’ ಬಿಟ್ಟು ಬೇರೆ ಏನೂ ಕಳಿಸಬೇಡಿ. ರಾತ್ರಿ 8ರ ನಂತರವೂ ಅದೇ ನಿಯಮ. ಮನೆಗೆಲಸ, ಮಕ್ಕಳು, ಮರುದಿನದ ಪಾಠದ ತಯಾರಿ ಇರುವ ಗುರುಮಾತೆಗೆ ರಾತ್ರಿ ಹತ್ತಕ್ಕೆ “ನಾಳೆ ಮುಂಜಾನೆಯೊಳಗೆ ಮಾಹಿತಿ” ಎಂಬ ಸಂದೇಶ ಬಂದರೆ ಆ ಮಾಹಿತಿ ನೆಟ್ಟಗೆ ಬರುವುದೂ ಇಲ್ಲ.

ಹೆಬ್ಬೆಟ್ಟು ತೋರಿಸಿದರೆ ಓದಿದಂತೆ ಎಂದು ತಿಳಿಯಬೇಡಿ. ಮುಖ್ಯವಾದ ವಿಷಯಕ್ಕೆ ಸಾಲಿಯ ಹೆಸರು ಬರೆದು ‘ತಿಳಿದಿದೆ’ ಎಂದು ಉತ್ತರಿಸಲು ಹೇಳಿ. ಉತ್ತರ ಬಾರದ ಸಾಲಿಗೆ ಫೋನ್ ಮಾಡಿ ಕೇಳಿ. ನೆಟ್‌ವರ್ಕ್ ಸಿಗದ ಊರು ಇರಬಹುದು, ಮುಖ್ಯ ಶಿಕ್ಷಕರು ರಜೆಯಲ್ಲಿರಬಹುದು.

ಮಳೆ, ಹೊಳೆ, ಸೂಟಿ

ಈ ಭಾಗದಲ್ಲಿ ತುರ್ತು ಸುದ್ದಿ ಎಂದರೆ ಬಹುಪಾಲು ಮಲಪ್ರಭೆಯ ಸುದ್ದಿ. ಕಿತ್ತೂರು, ಬೈಲಹೊಂಗಲದ ಕಡೆ ಮಳೆಯೇ ನೇರ ಕಾರಣ. ನವಿಲುತೀರ್ಥದ ರೇಣುಕಾಸಾಗರದಿಂದ ಕೆಳಗಿರುವ ಮನೋಳಿ ಮತ್ತು ರಾಮದುರ್ಗದ ಕಡೆ ಹಾಗಲ್ಲ. ಇಲ್ಲಿ ಬಿಸಿಲಿದ್ದರೂ ಅಣೆಕಟ್ಟಿನ ಗೇಟು ತೆಗೆದರೆ ಹೊಳೆ ಏರುತ್ತದೆ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಮನೋಳಿಯ ಮನೆಗಳಿಗೆ, ರಾಮದುರ್ಗ ತಾಲೂಕಿನ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತು.

ಅದಕ್ಕೆ ಮಳೆಗಾಲಕ್ಕೆ ಮುಂಚೆಯೇ, ಜೂನ್ ಮೊದಲ ವಾರದಲ್ಲಿ ಒಂದು ವಿಶೇಷ ವಾರ್ತೆ ಹೊರಡಲಿ. ರಜೆ ಘೋಷಿಸುವ ಅಧಿಕಾರ ಯಾರದು, ಅದು ಯಾವ ಗುಂಪಿನಲ್ಲಿ ಎಷ್ಟು ಗಂಟೆಯೊಳಗೆ ಬರುತ್ತದೆ, ಹೊಳೆ ದಾಟಿ ಬರುವ ಮಕ್ಕಳು ಯಾರು, ಅವರ ಪಾಲಕರ ಫೋನ್ ಯಾವ ಶಿಕ್ಷಕರ ಬಳಿ ಇದೆ, ದಾಖಲೆ ಪುಸ್ತಕ ಮತ್ತು ಬಿಸಿಯೂಟದ ಅಕ್ಕಿಯನ್ನು ಎಲ್ಲಿ ಎತ್ತಿಡಬೇಕು ಎಂಬುದೆಲ್ಲ ಅದರಲ್ಲಿರಲಿ. ಸಾಲಿ ಕಾಳಜಿ ಕೇಂದ್ರವಾದರೆ ತರಗತಿ ಎಲ್ಲಿ ನಡೆಯುತ್ತದೆ ಎಂಬುದನ್ನೂ ಮೊದಲೇ ಗೊತ್ತು ಮಾಡಿ. ರಜೆಯ ಸಂದೇಶದಲ್ಲಿ ತಾಲೂಕು, ತರಗತಿ, ದಿನಾಂಕ ಮೂರೂ ಇರಬೇಕು. “ನಾಳೆ ಸೂಟಿ” ಎಂದಷ್ಟೇ ಬರೆದ ಸಂದೇಶ ಎರಡು ದಿನದ ಮೇಲೂ ತಿರುಗುತ್ತಿರುತ್ತದೆ.

ಹಂಚಬಾರದ್ದು

ಮಗುವಿನ ಘನತೆ ಎಲ್ಲಕ್ಕಿಂತ ಮೇಲೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದನ್ನು 2012ರ ಪೋಕ್ಸೋ ಕಾಯ್ದೆ ತಡೆಯುತ್ತದೆ. ಕಾನೂನಿನ ಸಂಘರ್ಷಕ್ಕೆ ಒಳಗಾದ ಅಥವಾ ರಕ್ಷಣೆ ಬೇಕಾದ ಮಕ್ಕಳ ಗುರುತನ್ನು 2015ರ ಬಾಲನ್ಯಾಯ ಕಾಯ್ದೆ ಕಾಪಾಡುತ್ತದೆ. ಹೆಸರು ಬಿಟ್ಟು ಸಾಲಿ, ಊರು, ತರಗತಿ ಬರೆದರೂ ಸಣ್ಣ ಊರಿನಲ್ಲಿ ಗುರುತು ತಿಳಿದುಹೋಗುತ್ತದೆ. ಅಂಥ ವಿಷಯ ಗುಂಪಿಗೆ ಬರಲೇಬಾರದು. ಸಂಬಂಧಿಸಿದ ಅಧಿಕಾರಿಗೆ, ಪೊಲೀಸರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ನೇರ ಹೋಗಬೇಕು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ ಮತ್ತು ಆದಾಯದ ಪಟ್ಟಿಗಳನ್ನು ಗುಂಪಿನಲ್ಲಿ ಹಾಕಬೇಡಿ, ಒಬ್ಬರಿಗೊಬ್ಬರು ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಮಕ್ಕಳ ಫೋಟೋ ಹಾಕುವಾಗಲೂ ಪಾಲಕರನ್ನು ಕೇಳಿ. ಕಡಿಮೆ ಅಂಕದ ಮಕ್ಕಳ ಪಟ್ಟಿ, ಹಿಂದುಳಿದ ಸಾಲಿಗಳ ಪಟ್ಟಿ, ಮಾಹಿತಿ ಕೊಡದ ಶಿಕ್ಷಕರ ಹೆಸರು ಎಲ್ಲರ ಮುಂದೆ ಬೇಡ. ಹೊಗಳಿಕೆಯನ್ನು ಹತ್ತು ಜನರ ಎದುರು ಹೇಳಿ, ಕೊರತೆಯನ್ನು ಅವರೊಬ್ಬರಿಗೇ ಹೇಳಿ.

ಕೆಳಗಿನಿಂದ ಮೇಲಕ್ಕೆ

ಸುದ್ದಿ ಇಳಿಯುವಷ್ಟೇ ಸಲೀಸಾಗಿ ಏರಲೂ ಬೇಕು. ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಕಾರ್ಯಕ್ರಮ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಸುರುವಾಯಿತು. ಆದೇಶ ಒಂದೇ; ಆದರೆ ಮೊಟ್ಟೆ ತರುವವರು ಯಾರು, ಪೇಟೆಯ ದರ ಏರಿದಾಗ ಏನು ಮಾಡಬೇಕು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಲ್ಲಿಂದ ಎಂಬ ಪ್ರಶ್ನೆಗಳು ಹುಟ್ಟುವುದು ಅಡುಗೆ ಕೋಣೆಯಲ್ಲಿ. ಆ ಪ್ರಶ್ನೆಗಳನ್ನು ಕೂಡಿಸಿ ಮೇಲೆ ಕಳಿಸಿ, ಉತ್ತರವನ್ನು ಮುಂದಿನ ವಾರ್ತೆಯಲ್ಲಿ ಹಾಕಿ. ಉತ್ತರ ಬಂದಿಲ್ಲದಿದ್ದರೆ “ಕೇಳಿದ್ದೇವೆ, ಇನ್ನೂ ಬಂದಿಲ್ಲ” ಎಂದಾದರೂ ಬರೆಯಿರಿ. ತನ್ನ ಪ್ರಶ್ನೆಗೆ ಕಿವಿಗೊಟ್ಟರೆಂದು ಗೊತ್ತಾದ ಶಿಕ್ಷಕರು ಮುಂದಿನ ಆದೇಶವನ್ನು ಮನಸ್ಸಿಟ್ಟು ಓದುತ್ತಾರೆ.

ಪಾಲಕರಿಗೂ ಇದರಲ್ಲಿ ಪಾಲಿದೆ. 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ಎಸ್‌ಡಿಎಂಸಿ, ಸಭೆ ಸೇರಿದಾಗ ವಾರ್ತೆಯ ‘ಮಕ್ಕಳಿಗೆ ಅವಕಾಶ’ ಭಾಗವನ್ನು ಗಟ್ಟಿಯಾಗಿ ಓದಿಸಿ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮೊದಲನೆಯದರಲ್ಲಿ ತಪ್ಪಿದರೆ ವರ್ಷ ಹಾಳಾಗುವುದಿಲ್ಲ, ಅಂಕ ಹೆಚ್ಚಿಸಿಕೊಳ್ಳಲೂ ಬರೆಯಬಹುದು ಎಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದರೆ ಒಬ್ಬ ಹುಡುಗಿಯ ಮದುವೆ ಮುಂದೆ ಹೋಗಬಹುದು, ಒಬ್ಬ ಹುಡುಗ ದುಡಿಯಲು ಊರು ಬಿಡುವುದು ತಪ್ಪಬಹುದು.

ವರ್ಷದ ಪಟ್ಟಿ

ಯಾವ ತಿಂಗಳು ಯಾವ ಸುದ್ದಿ ಬರುತ್ತದೆಂಬುದು ಬಹುಮಟ್ಟಿಗೆ ಗೊತ್ತಿರುವಂಥದ್ದು. ದಿನಾಂಕ ಪ್ರತಿ ವರ್ಷ ಆದೇಶ ನೋಡಿ ತುಂಬಿಕೊಳ್ಳಿ.

ಮೇ ಕೊನೆ–ಜೂನ್: ಪ್ರಾರಂಭೋತ್ಸವ, ದಾಖಲಾತಿ, ವಯಸ್ಸಿನ ನಿಯಮ, ಪಠ್ಯಪುಸ್ತಕ, ಅತಿಥಿ ಶಿಕ್ಷಕರು, ಮಳೆಗಾಲದ ಸಿದ್ಧತೆ, ಆದಾಯ ಪ್ರಮಾಣಪತ್ರ.

ಜುಲೈ–ಆಗಸ್ಟ್: ನವೋದಯ ಅರ್ಜಿ, ಇನ್‌ಸ್ಪೈರ್ ನೋಂದಣಿ, ಕ್ರೀಡಾಕೂಟ.

ಸೆಪ್ಟೆಂಬರ್–ಅಕ್ಟೋಬರ್: ಸೆಪ್ಟೆಂಬರ್ 30ರ ಯು–ಡೈಸ್ ಲೆಕ್ಕ, ಎನ್‌ಎಂಎಂಎಸ್ ತಯಾರಿ, ದಸರಾ ಸೂಟಿ, ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ.

ನವೆಂಬರ್–ಡಿಸೆಂಬರ್: ಪ್ರತಿಭಾ ಕಾರಂಜಿ, ವಸತಿ ಸಾಲಿಗಳ ಪ್ರವೇಶ ಪ್ರಕಟಣೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ವಲಸೆ ಹೋಗುವ ಮನೆಗಳ ಮಕ್ಕಳ ಮೇಲೆ ಕಣ್ಣು.

ಜನವರಿ–ಫೆಬ್ರುವರಿ: ಸಂಗೊಳ್ಳಿ ಉತ್ಸವ, ಕಲಿಕಾ ಹಬ್ಬ, ಎಸ್‌ಎಸ್‌ಎಲ್‌ಸಿ ಸಿದ್ಧತೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಜಾತ್ರೆ ಕೂಡಿದಾಗ ಹಾಜರಿ ಇಳಿಯುತ್ತದೆ. ಆ ದಿನಗಳಿಗೆ ಪರೀಕ್ಷೆ, ತರಬೇತಿ ಇಡದಂತೆ ಮೊದಲೇ ಮೇಲೆ ತಿಳಿಸಿ.

ಮಾರ್ಚ್–ಏಪ್ರಿಲ್: ಪರೀಕ್ಷೆ, ಫಲಿತಾಂಶ, ವರ್ಗಾವಣೆ ಪತ್ರ, ಸಾಲಿ ಬದಲಿಸುವ ಮಕ್ಕಳ ಸ್ಯಾಟ್ಸ್ ವರ್ಗಾವಣೆ.

ಮೊದಲ ಸಂಚಿಕೆಗೆ

ಇದಕ್ಕೆ ಅನುದಾನ ಬೇಕಿಲ್ಲ. ಕ್ಲಸ್ಟರಿನ ಮುಂದಿನ ಸಮಾಲೋಚನಾ ಸಭೆಯಲ್ಲಿ ಬರವಣಿಗೆ ಚೆನ್ನಾಗಿರುವ ಇಬ್ಬರು ಶಿಕ್ಷಕರನ್ನು, ಮೊಬೈಲಿನಲ್ಲಿ ಕನ್ನಡ ಅಚ್ಚು ಮಾಡಬಲ್ಲ ಒಬ್ಬರನ್ನು ಕೇಳಿಕೊಳ್ಳಿ. ಅವರ ಬೇರೆ ಒಂದು ಹೊಣೆಯನ್ನು ಇಳಿಸಿ. ಮೊದಲ ಸಂಚಿಕೆಯಲ್ಲಿ ಮೂರೇ ವಿಷಯ ಹಾಕಿ: ಒಂದು ಕಡೆಯ ದಿನ, ಮಕ್ಕಳಿಗೊಂದು ಅವಕಾಶ, ಒಂದು ಸಾಲಿಯ ಒಳ್ಳೆಯ ಕೆಲಸ. ಮೂರು ತಿಂಗಳಾದ ಮೇಲೆ ಶಿಕ್ಷಕರನ್ನೇ ಕೇಳಿ: ಯಾವುದು ಉಪಯೋಗಕ್ಕೆ ಬಂತು, ಯಾವುದು ಬೇಡ, ಏನು ಬಿಟ್ಟುಹೋಗಿದೆ? ಅವರ ಉತ್ತರದಂತೆ ತಿದ್ದಿಕೊಳ್ಳಿ.

ವಾರ್ತೆ ಫಲ ಕೊಟ್ಟಿದೆಯೇ ಎಂದು ತಿಳಿಯಲು ಬೇರೆ ಅಳತೆ ಬೇಡ. ಕಳೆದ ವರ್ಷ ನಿಮ್ಮ ಕ್ಲಸ್ಟರಿನಿಂದ ಎನ್‌ಎಂಎಂಎಸ್‌ಗೆ, ನವೋದಯಕ್ಕೆ ಅರ್ಜಿ ಹಾಕಿದ ಮಕ್ಕಳು ಎಷ್ಟು, ಈ ವರ್ಷ ಎಷ್ಟು ಎಂದು ಪಕ್ಕಪಕ್ಕ ಬರೆದು ನೋಡಿ. ಒಂದು ಮಗುವಿನ ಅರ್ಜಿ ಹೆಚ್ಚಾಗಿದ್ದರೂ ಹಂಚಿದ ಪುಟಗಳು ಸಾರ್ಥಕ.